ಮುಂಚಿತವಾಗಿ ಮಾಡಿದ ನಕಲು

ಜೋಳದ ರೊಟ್ಟಿ ತಟ್ಟುವಾಗ ಹುಟ್ಟುವ ಸದ್ದು ಬೇಗಂ ಬಜಾರಿನ ‘ಸುನಾದ ಹಕ್ಕು ಸಂರಕ್ಷಣಾ ಸಂಸ್ಥೆ’ಯ ಆಸ್ತಿ. ಸನತ್‌ನಗರದ ಸೂಗಮ್ಮನಿಗೆ ಈ ಸಂಗತಿ ತಿಳಿದದ್ದು ಸ್ವಲ್ಪ ತಡವಾಗಿ, ಅಂದರೆ ನಲವತ್ತು ವರ್ಷ ರೊಟ್ಟಿ ತಟ್ಟಿದ ಮೇಲೆ.

ಅವಳ ಅಡುಗೆ ಚಾನೆಲ್ಲಿನಿಂದ ಒಂದು ವಿಡಿಯೊ ಮಾಯವಾಗಿತ್ತು. ತೀರಿಕೊಂಡ ಅವ್ವ ಕೃಷ್ಣಾಬಾಯಿ ನಗುನಗುತ್ತಾ ರೊಟ್ಟಿ ತಟ್ಟುವ ವಿಡಿಯೊ ಅದು. ಅದನ್ನು ತೆಗೆದ ಮೊಬೈಲು ನೀರಿಗೆ ಬಿದ್ದು ಕೆಟ್ಟ ಮೇಲೆ, ಅವ್ವ ಕೈಯಾಡಿಸುವುದನ್ನು ನೋಡಲು ಸೂಗಮ್ಮನಿಗೆ ಉಳಿದಿದ್ದದ್ದು ಅದೊಂದೇ. ಸಂಸ್ಥೆಯ ಹೊಸ ಆಲ್ಬಮ್ಮಿನ ತಾಳವನ್ನು ಕೃಷ್ಣಾಬಾಯಿ ನಕಲು ಮಾಡಿದ್ದಾರೆ ಎಂದು ನೋಟಿಸು ಹೇಳಿತು. ಆಕ್ಷೇಪವಿದ್ದರೆ ಅರ್ಜಿ ಹಾಕಬಹುದು. ಅರ್ಜಿಯನ್ನು ದೂರು ಕೊಟ್ಟವರೇ ನಿಷ್ಪಕ್ಷಪಾತವಾಗಿ ಪರಿಶೀಲಿಸುತ್ತಾರೆ.

ಅರ್ಜಿ ನಾಲ್ಕೇ ನಿಮಿಷದಲ್ಲಿ ನಿಷ್ಪಕ್ಷಪಾತವಾಗಿ ವಜಾ ಆಯಿತು. ಸೂಗಮ್ಮ ಬಸ್ಸು ಹತ್ತಿ ಬೇಗಂ ಬಜಾರಿಗೆ ಹೋದಳು. ಪಾತ್ರೆ ಅಂಗಡಿಯ ಮೇಲಿನ ಕಚೇರಿಯಲ್ಲಿ ಬೆಂಗಳೂರಿನ ಋಷಭ್ ಎಂಬ ಅಧಿಕಾರಿ ಕುರ್ಚಿ ಕೊಟ್ಟು, ನೀರು ಕೊಟ್ಟು, ಬಹಳ ಮರ್ಯಾದೆಯಿಂದ ಮಾತಾಡಿಸಿದ.

“ನಿಮ್ಮ ಆಲ್ಬಮ್ ಬಂದದ್ದು ಹ್ವಾದ ವರ್ಷ ರೀ. ನಮ್ಮವ್ವ ತೀರಿಕೊಂಡು ಮೂರು ವರ್ಷ ಆತು. ಆಕಿ ಹ್ಯಾಂಗ ನಕಲು ಮಾಡ್ತಾಳ್ರಿ?”

ಋಷಭ್ ನಿಯಮಾವಳಿ ತೆಗೆದ. “ಕಲಂ ಹದಿನಾಲ್ಕು, ಮೇಡಂ. ‘ಮುಂದೆ ಬರಲಿರುವ ಕೃತಿಗಳನ್ನು ಮುಂಚಿತವಾಗಿ ನಕಲು ಮಾಡುವುದೂ ಅಪರಾಧವೇ. ಮರಣದ ಕಾರಣಕ್ಕೆ ವಿನಾಯಿತಿ ಇರುವುದಿಲ್ಲ.’”

“ಹಂಗಾದ್ರ ನಮ್ಮ ಊರಾಗ ರೊಟ್ಟಿ ತಟ್ಟೋರೆಲ್ಲಾರೂ ಕಳ್ಳರೇನ್ರಿ?”

“ಹೌದು ಮೇಡಂ. ಪಟ್ಟಿ ತಯಾರಾಗ್ತಿದೆ, ಜಿಲ್ಲಾವಾರು.”

ಒಂದು ದಾರಿ ಮಾತ್ರ ಇತ್ತು. ‘ನನ್ನ ತಾಯಿಯವರು ಸದರಿ ಸದ್ದನ್ನು ಕದ್ದಿರುತ್ತಾರೆ’ ಎಂಬ ಹೇಳಿಕೆಗೆ ಸಹಿ ಹಾಕಿದರೆ ವಿಡಿಯೊ ವಾಪಸು. ಪಕ್ಕದ ಮನೆಯ ಕರಿಬೇವನ್ನೂ ಕೇಳದೆ ಕಿತ್ತವಳಲ್ಲ ಅವ್ವ. ಆದರೂ ಸೂಗಮ್ಮನಿಗೆ ಆ ಮುಖ ಇನ್ನೊಮ್ಮೆ ನೋಡಬೇಕಿತ್ತು. ಸಹಿ ಹಾಕಿದಳು.

ಮರುದಿನ ವಿಡಿಯೊ ಬಂತು. ಕೆಳಗೆ ‘ಸದ್ದು: ಸಂಸ್ಥೆಯ ಕೃಪೆ’ ಎಂದಿತ್ತು. ಪಕ್ಕದ ಮನೆಯ ಭಾಗ್ಯಶ್ರೀ ಬಂದು ಅಭಿನಂದಿಸಿ, ತಾನೂ ಅಂಥದೊಂದು ಹೇಳಿಕೆಯ ನಮೂನೆ ಬರೆದುಕೊಂಡು ಹೋದಳು. ಗಂಡ ವೈಜನಾಥ ಕನ್ನಡಕ ಹಾಕಿಕೊಂಡು ಮೊಬೈಲಿಗೆ ಕಿವಿಗೊಟ್ಟು ಕೂತ.

“ಅತ್ತಿ ಎಷ್ಟು ಚಂದ ಕದ್ದಾರ ನೋಡು,” ಎಂದ.

ಸೂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಹೂಂ ರೀ. ಆಕಿಹಂಗ ಕದಿಯಾಕ ಇನ್ನ ಯಾರಿಗೂ ಬರಂಗಿಲ್ಲ.”