ಮಕ್ಕಳಿಗೆ ಉಚಿತ

ಮೋಹನ್ ಕುಮಾರನ ಮನೆಯೊಳಗೆ ಫೋನಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಸಿಕ್ಕಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಗುಟ್ಟಿನ ಮಾತಾಡಬೇಕೆಂದರೂ ಅವನು ತಾರಸಿ ಹತ್ತಿ, ನೀರಿನ ಟ್ಯಾಂಕಿಗೆ ಒರಗಿ, ಮಧುಗಿರಿ ಬೆಟ್ಟದ ಕಡೆ ಮುಖ ಮಾಡಿ ಕೂಗಬೇಕಿತ್ತು. ಆ ಶನಿವಾರ ಬೆಳಿಗ್ಗೆಯೂ ಹಾಗೇ ಕೂಗಿದ.

"ಹತ್ತು ದಿನಕ್ಕೆ ಮೇಡಮ್. ನಾಳೆಯಿಂದ. ನಾನು, ಮಿಸೆಸ್ಸು, ಎರಡು ಮಕ್ಕಳು. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಫ್ರೀ ಅಂತ ಹಾಕಿದೀರಲ್ಲ, ಗ್ಯಾರಂಟಿ ತಾನೆ? ತಿಂಡೀನೂ ಫ್ರೀನಾ? ಸ್ವಿಮ್ಮಿಂಗ್ ಪೂಲೂ ಫ್ರೀನಾ?"

ಮೈಸೂರಿನ ಹೋಟೆಲಿನ ಹುಡುಗಿ ಎಲ್ಲದಕ್ಕೂ ಹೌದು ಅಂದಳು. ಪಕ್ಕದ ತಾರಸಿಯಲ್ಲಿ ಸಂಡಿಗೆ ಇಡುತ್ತಿದ್ದ ಸರಸಮ್ಮನ ಕೈ ಗಾಳಿಯಲ್ಲೇ ನಿಂತಿತು.

ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಮನೆ ಕಟ್ಟಿದ್ದೇ ಮೋಹನ್ ಕುಮಾರ್ ಮಾಡಿದ ಪಾಪ. ಪಾವಗಡದಿಂದ ತುಮಕೂರಿಗೆ ಹೋಗುವ ನೆಂಟರಿಗೆ ಅವನ ಮನೆ ಪಾಯಿಖಾನೆ. ಗೊರವನಹಳ್ಳಿ ದೇವಸ್ಥಾನಕ್ಕೆ ಹೋಗುವ ನೆಂಟರಿಗೆ ಬಚ್ಚಲುಮನೆ. ಬೇಸಿಗೆ ರಜೆ ಬಂತೆಂದರೆ ಎಲ್ಲರಿಗೂ ಸೇರಿ ಮಕ್ಕಳ ಗೋದಾಮು. ತಂದು ಇಳಿಸಿ ಹೋದರೆ ಶಾಲೆ ಶುರುವಾಗುವ ಹಿಂದಿನ ದಿನವೇ ಅವರ ಮುಖ ಕಾಣುತ್ತಿದ್ದುದು. ಹೋದ ಬೇಸಿಗೆಯಲ್ಲಿ ಆ ಮಕ್ಕಳು ಟಿವಿ ರಿಮೋಟನ್ನು ರಾಗಿ ಹಿಟ್ಟಿನ ಡಬ್ಬಿಯಲ್ಲಿ ಹೂತಿದ್ದರು, ಅವನ ಕನ್ನಡಕ ಹಾಕಿಕೊಂಡು ಸಂಪಿನೊಳಗೆ ಇಣುಕಿದ್ದರು. ಕನ್ನಡಕ ಇನ್ನೂ ಸಂಪಿನಲ್ಲೇ ಇದೆ.

ಈ ಸಲ ಅವನು ಬುದ್ಧಿವಂತನಾಗಿದ್ದ. ನೆಂಟರು ಬರುವ ಮೊದಲೇ ನೆಂಟರಿಲ್ಲದ ಕಡೆ ಹೋಗಿಬಿಡುವುದು. ಹತ್ತು ದಿನ ತನ್ನ ಹಾಸಿಗೆಯನ್ನು ಬೇರೆ ಯಾರೋ ಹಾಸಬೇಕು, ಬಾಗಿಲು ತಟ್ಟಿದವನು "ಸರ್" ಅನ್ನಬೇಕು. ಅವನು ಸರ್ಕಾರಿ ಕಚೇರಿಯೊಂದರಲ್ಲಿ ದ್ವಿತೀಯ ದರ್ಜೆ ಸಹಾಯಕ. ಅಲ್ಲಿ ಕೆಲಸ ಆಗಬೇಕಾದವರು ಅವನನ್ನು ಸರ್ ಅನ್ನುತ್ತಿದ್ದರು, ಆದ ಮೇಲೆ ಬೇರೆ ಏನೋ ಅನ್ನುತ್ತಿದ್ದರು.

ಆದರೆ ಜಿಪುಣನ ಭೋಗಕ್ಕೆ ಹೆಂಡತಿಯ ರಟ್ಟೆಯೇ ಬಂಡವಾಳ. ವನಜಾಕ್ಷಿ ಕಟ್ಟುತ್ತಿದ್ದ ಚೀಲದಲ್ಲಿ ಕರೆಂಟು ಒಲೆ, ಪುಟ್ಟ ಕುಕ್ಕರು, ರಾಗಿ ಹಿಟ್ಟು, ಸಾರಿನ ಪುಡಿ, ಬಟ್ಟೆ ಸೋಪು, ಒಗೆದದ್ದು ಹರವಲು ನೈಲಾನ್ ಹಗ್ಗ ಎಲ್ಲ ಇದ್ದವು. ಅವನ ಯೋಜನೆ ಹೀಗಿತ್ತು: ಬೆಳಿಗ್ಗೆ ಪುಕ್ಕಟೆ ತಿಂಡಿಯನ್ನು ಹೊಟ್ಟೆ ಬಿರಿಯ ತಿನ್ನುವುದು. ಮಧ್ಯಾಹ್ನಕ್ಕೆ ಅಲ್ಲಿಂದಲೇ ಜೇಬಿಗೆ ಹಾಕಿಕೊಂಡ ಬಾಳೆಹಣ್ಣು. ರಾತ್ರಿ ವನಜಾಕ್ಷಿ ರೂಮಿನ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಮುದ್ದೆ ತಿರುವುವುದು. ವಾಸನೆ ಹೊರಗೆ ಹೋಗದಂತೆ ಫ್ಯಾನು ಹಾಕುವ ಜವಾಬ್ದಾರಿ ಮಗಳು ರಕ್ಷಾಳದು.

"ಇದೆಲ್ಲ ನಿನಗೋಸ್ಕರ ಕಣೆ. ನಿನಗೂ ಒಂಚೂರು ರೆಸ್ಟು ಬೇಕಲ್ಲ," ಎಂದಿದ್ದ.

ವನಜಾಕ್ಷಿ ಮುದ್ದೆಕೋಲನ್ನು ಚೀಲಕ್ಕೆ ತುರುಕುತ್ತ "ಹೂಂ" ಎಂದಿದ್ದಳು.

ಅವನು ತಾರಸಿ ಇಳಿದು ಬರುವಷ್ಟರಲ್ಲಿ ಸರಸಮ್ಮ ಅವನ ನಡುಮನೆಯಲ್ಲಿದ್ದಳು. ಅಕ್ಕಪಕ್ಕ ಇಬ್ಬರು ಮೊಮ್ಮಕ್ಕಳು, ತಲೆಗೆ ಎಣ್ಣೆ ಬಳಿದು, ಶಾಲೆ ಫೋಟೋಕ್ಕೆ ನಿಲ್ಲಿಸಿದ ಹಾಗೆ.

"ಅಲ್ಲಪ್ಪ ಮೋಹ್ನ, ಮೈಸೂರಲ್ಲಿ ಮಕ್ಳಿಗೆ ಪುಕ್ಸಟ್ಟೆ ಅಂತೆ?"

"ನಮ್ಮ ಮಕ್ಕಳಿಗೆ, ಸರಸಕ್ಕ."

"ಮೋಹನ್ ಕುಮಾರನ ಮಕ್ಳಿಗೆ ಅಂತ ಬರ್ದವ್ರಾ? ಮಕ್ಳಿಗೆ ಅಂತ ತಾನೆ ಬರ್ದಿರೋದು. ಇವೇನು ಮೇಕೆ ಮರಿಗಳಾ?"

"ಹೋಟ್ಲೂಟ ಇವಕ್ಕೆ ಹಿಡಿಯಲ್ಲ ಅಕ್ಕ."

"ಇವು ಕಲ್ಲು ಕೊಟ್ರೂ ಅರಗಿಸ್ಕಂತವೆ. ಆಯ್ತು ಬುಡಪ್ಪ, ನಿಂಗೆ ಇಷ್ಟ ಇಲ್ದಿದ್ರೆ ಬೇಡ. ನಲ್ಲೀಲಿ ನೀರು ಬಂದಾಗ ನಿನ್ ಸಂಪು ತುಂಬ್ಸಕೆ ಆ ಹೋಟ್ಲೋರ್ನೇ ಕರ್ಸ್ಕೊ."

ನಲ್ಲಿ ನೀರು ಬರುವುದು ಅದಕ್ಕೆ ಮನಸ್ಸಾದಾಗ. ಬಂದಾಗ ಹಿಡಿಯದಿದ್ದರೆ ವಾಪಸು ಬಂದ ಮೇಲೆ ಮುಖ ತೊಳೆಯಲೂ ಗತಿಯಿಲ್ಲ. ಮೋಹನ್ ಕುಮಾರ್ ಸಹಾಯಕ್ಕೆಂದು ಹೆಂಡತಿಯ ಕಡೆ ನೋಡಿದ.

"ಬರ್ಲಿ ಬಿಡಿ ಪಾಪ, ನಮ್ಮ ಮಕ್ಕಳ ಜೊತೆ ಆಡ್ಕೊಂಡಿರ್ತವೆ," ಎಂದಳು ವನಜಾಕ್ಷಿ.

ಗಂಡನ ಕಡೆಯ ಮಕ್ಕಳಿಗೆ ಒಂದು ಲೋಟ ನೀರು ಕೊಡಲೂ ಪಾತ್ರೆ ಕುಕ್ಕುವ ಹೆಂಗಸು ಬೀದಿಯ ಮಕ್ಕಳಿಗೆ ಪಾಪ ಅಂದದ್ದು ಅವನಿಗೆ ವಿಚಿತ್ರವೆನ್ನಿಸಿತು. ಆದರೆ ವಿಚಿತ್ರದ ಬಗ್ಗೆ ಯೋಚಿಸುವ ಅಭ್ಯಾಸ ಅವನಿಗಿರಲಿಲ್ಲ. ಅವನಿಗೆ ಹೊಳೆದದ್ದು ಇನ್ನೊಂದು. ಗಾಡಿಯಲ್ಲಿ ಜಾಗ ಇಲ್ಲ ಅಂತ ಇನಾಯತುಲ್ಲಾನಿಂದ ಹೇಳಿಸಿಬಿಟ್ಟರೆ?

ಇನಾಯತುಲ್ಲಾನದು ಶಿರಾ ರಸ್ತೆಯಲ್ಲಿ ಹಾಸಿಗೆ ಅಂಗಡಿ. ಬೆಳಗಿನ ಜಾವ ತುಮಕೂರು ರೈಲ್ವೆ ಸ್ಟೇಷನ್ನಿಗೆ ತನ್ನ ವ್ಯಾನಿನಲ್ಲಿ ಬಿಡುತ್ತೇನೆಂದು ಒಪ್ಪಿದ್ದ. ಮೋಹನ್ ಕುಮಾರ್ ಹೋದಾಗ ಅವನು ಹತ್ತಿಯ ನಡುವೆ ಕೂತು ದಿಂಬು ತುಂಬುತ್ತಿದ್ದ. ಗಡ್ಡದ ತುಂಬ ಹತ್ತಿ.

"ಇನಾಯತ್ ಭಾಯ್, ಒಂದು ಉಪಕಾರ ಆಗ್ಬೇಕು. ಗಾಡೀಲಿ ನಾಲ್ಕು ಜನಕ್ಕಿಂತ ಹೆಚ್ಚು ಹಿಡಿಯಲ್ಲ ಅಂತ ಸರಸಮ್ಮನಿಗೆ ಹೇಳ್ಬೇಕು."

"ಯಾಕೆ ಹಿಡಿಯಲ್ಲ ಸಾರ್? ಹಿಂದಿನ ಸೀಟು ಬಿಚ್ಚಿ ಗಾದಿ ಹಾಸಿಬಿಡ್ತೀನಿ. ಎಷ್ಟು ಮಕ್ಕಳಿದ್ರೂ ಆರಾಮ್ ಆಗಿ ಮಲಗಿಕೊಂಡು ಬರ್ತವೆ. ನಮ್ಮ ಉಮರ್, ಸಮ್ರೀನ್ ಮಾತ್ರ ಮುಂದೆ ಕೂತ್ಕೊಳ್ಲಿ. ಸಮ್ರೀನ್‌ಗೆ ವಾಂತಿ ಆಗುತ್ತೆ."

"ಅವರೂ ಸ್ಟೇಷನ್ ತನಕ ಬರ್ತಾರಾ?"

"ಮೈಸೂರು ತನಕ ಬರ್ತಾರೆ ಸಾರ್. ಭಾಭಿ ಹೇಳಿದ್ರು, ಮಕ್ಕಳಿಗೆ ಫ್ರೀ ಅಂತೆ." ಇನಾಯತುಲ್ಲಾ ಗಡ್ಡದಿಂದ ಒಂದೆಳೆ ಹತ್ತಿ ತೆಗೆದ. "ನಿಮಗೆ ಕಷ್ಟ ಆದ್ರೆ ಬೇಡ ಬಿಡಿ. ಬಾಡಿಗೆ ಗಾಡಿ ಬಹಳ ಸಿಗ್ತವೆ. ನನ್ನ ಗಾಡಿಗೆ ಅಂದ್ರೆ ನಿಮ್ಮ ಹತ್ರ ಬಾಡಿಗೆ ತಗೊಳ್ತೀನಾ? ತೋಬಾ."

ಬಾಡಿಗೆ ಇಲ್ಲ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಬೇಡ ಅನ್ನುವ ಶಕ್ತಿ ಮೋಹನ್ ಕುಮಾರನ ವಂಶದಲ್ಲೇ ಯಾರಿಗೂ ಇರಲಿಲ್ಲ. ಸುಮ್ಮನೆ ತಲೆಯಾಡಿಸಿ ಎದ್ದು ಬಂದ.

ಮನೆಗೆ ಬಂದರೆ ಬಾಗಿಲಲ್ಲಿ ಗುರುತಿನ ಚಪ್ಪಲಿಗಳು. ಕೊಳಾಲದಿಂದ ಅವನ ಅಕ್ಕ ಲಕ್ಷ್ಮೀದೇವಿ ಬಂದಿದ್ದಳು, ಮೂರು ಮಕ್ಕಳ ಸಮೇತ. ಆಗಲೇ ಊಟಕ್ಕೆ ಕೂತಿದ್ದರು. ಹಿರಿಯ ಹುಡುಗನ ಮೂಗಿನ ಕೆಳಗೆ ಕರಿ ಎಳ್ಳು ಚೆಲ್ಲಿದ ಹಾಗೆ ಮೀಸೆ ಮೊಳೆತಿತ್ತು.

"ಅಕ್ಕ, ನಾವು ನಾಳೆ ಊರಲ್ಲಿರಲ್ಲ."

"ಗೊತ್ತು ಕಣ್ಲಾ. ಅದ್ಕೇ ಇವತ್ತೇ ಬಂದ್ಬುಟ್ಟೆ. ಇವ್ರನ್ನೂ ಕರ್ಕಂಡೋಗು, ಮೈಸೂರು ನೋಡಿಲ್ಲ."

"ಹನ್ನೆರಡು ದಾಟಿದೋರಿಗೆ ಫ್ರೀ ಇಲ್ಲಕ್ಕ. ನೋಡು, ಇವನಿಗೆ ಮೀಸೆ ಬಂದೈತೆ."

"ಲೇ, ಅದು ಮೀಸೆ ಅಲ್ಲ. ಹಾಲು ಕುಡ್ದು ಬಾಯಿ ಒರ್ಸ್ಕಂಡಿಲ್ಲ."

"ಕರೀ ಹಾಲಾ?"

"ಹಂಗಾರೆ ಬೋಳ್ಸು. ನಿನ್ ಹತ್ರ ಬ್ಲೇಡಿಲ್ವಾ?" ಲಕ್ಷ್ಮೀದೇವಿ ಸಾರಿಗೆ ಕೈ ಹಾಕಿ ಒಂದು ಆಲೂಗಡ್ಡೆ ಹುಡುಕಿ ತೆಗೆದಳು. "ಅದೇನೋ ಜಮೀನಿನ ಪತ್ರಕ್ಕೆ ಸೈನು ಹಾಕು ಅಂತಿದ್ಯಲ್ಲ, ಹಕ್ಕು ಬಿಡುಗಡೆ ಅಂತ. ನಮ್ಮೆಜಮಾನ್ರು ಯೋಚ್ನೆ ಮಾಡು ಅಂತವ್ರೆ. ನಾನೂ ಯೋಚ್ನೆ ಮಾಡ್ತಾ ಇವ್ನಿ."

ಅಪ್ಪನ ಜಮೀನಿನಲ್ಲಿ ಅಕ್ಕನ ಪಾಲನ್ನು ಅರಿಶಿನ ಕುಂಕುಮ, ಒಂದು ಸೀರೆಗೆ ಮುಗಿಸಿಬಿಡುವ ಆಸೆಯಲ್ಲಿದ್ದ ತಮ್ಮ ಒಳಗೆ ಹೋಗಿ ಬ್ಲೇಡು ತಂದ. ಮೀಸೆಯಿಲ್ಲದ ಹುಡುಗ ಇನ್ನೂ ದೊಡ್ಡವನಾಗಿ ಕಂಡ.

ಸಂಜೆ ನಾಲ್ಕರ ಹೊತ್ತಿಗೆ ಮನೆ ಸಂತೆಯ ದಿನದ ಕುರಿ ಲಾರಿಯಂತಿತ್ತು. ಮಕ್ಕಳೆಲ್ಲ ಈಜು ಕಲಿಯಲು ಶುರುಮಾಡಿದ್ದರು. ನೆಲದ ಮೇಲೆ ಬಕೆಟ್ಟು ನೀರು ಚೆಲ್ಲಿ, ಅದರಲ್ಲಿ ಹೊಟ್ಟೆ ಮೇಲೆ ಜಾರುತ್ತಿದ್ದರು. ಅಷ್ಟರಲ್ಲಿ ಬಸ್‌ಸ್ಟ್ಯಾಂಡಿನ ಕಡೆಯಿಂದ "ಬಾವಾ, ಓ ಬಾವಾ" ಎಂಬ ಕೂಗು ಕೇಳಿತು. ಮೋಹನ್ ಕುಮಾರ್ ಓಡಿದ. ಪಾವಗಡದ ಬಸ್ಸಿನ ಕಿಟಕಿಯಲ್ಲಿ ವನಜಾಕ್ಷಿಯ ತಮ್ಮ ತಿಮ್ಮರಾಜು ಇದ್ದ. ಅವನು ಇಳಿಯುವ ತೊಂದರೆ ತೆಗೆದುಕೊಳ್ಳಲಿಲ್ಲ. ಕಿಟಕಿಯಿಂದಲೇ ಮೊದಲು ಒಂದು ಬ್ಯಾಗು, ಆಮೇಲೆ ಒಂದು ಹೆಣ್ಣು ಮಗು, ಆಮೇಲೆ ಒಂದು ಗಂಡು ಮಗುವನ್ನು ಇಳಿಬಿಟ್ಟ.

"ಪಿಲ್ಲಲಕಿ ಫ್ರೀ ಅಂಟ ಕದಾ ಬಾವ, ಮಕ್ಕಳಿಗೆ ಫ್ರೀ ಅಂತಲ್ಲ. ನಾನು ತುಮಕೂರಿಗೆ ಅರ್ಜೆಂಟು ಹೋಗ್ಬೇಕು. ರಾತ್ರಿ ಒದ್ದು ಎಬ್ಬಿಸ್ಬೇಡ ಇವನ್ನ, ಅಳ್ತಾನೆ."

"ನಿನಗೆ ಯಾರು ಹೇಳಿದ್ದು?" ಎಂದು ಇವನು ಕೇಳುವಷ್ಟರಲ್ಲಿ ಕಂಡಕ್ಟರು ಸೀಟಿ ಊದಿದ. ಬಸ್ಸು ಹೋಯಿತು. ಎರಡು ಮಕ್ಕಳೂ ಅವನ ಎರಡು ಕೈಗಳನ್ನು ಹಿಡಿದುಕೊಂಡವು.

ತನ್ನವು ಎರಡು ಸೇರಿ ಹನ್ನೊಂದು. ಮೋಹನ್ ಕುಮಾರ್ ಸಂಪಿನ ಕಟ್ಟೆಯ ಮೇಲೆ ಕೂತು ಫೋನಿನಲ್ಲಿದ್ದ ಹೋಟೆಲಿನ ಜಾಹೀರಾತನ್ನು ಮತ್ತೆ ನೋಡಿದ. ನೀಲಿ ನೀರು, ಬಿಳಿ ಟವೆಲ್ಲು, ನಗುತ್ತಿರುವ ಎರಡೇ ಎರಡು ಮಕ್ಕಳು. ಅವುಗಳ ಕಾಲಿನ ಹತ್ತಿರ ಇರುವೆ ಸಾಲಿನಂತೆ ಸಣ್ಣಕ್ಷರ: ಒಂದು ಕೋಣೆಗೆ ಇಬ್ಬರು ಮಕ್ಕಳಿಗೆ ಮಾತ್ರ. ಕಚೇರಿಯಲ್ಲಿ ಇಂಥ ಸಣ್ಣಕ್ಷರ ತೋರಿಸಿಯೇ ಜನರನ್ನು ವಾಪಸು ಅಟ್ಟುತ್ತ ಬಂದವನಿಗೆ ಇದು ಬೆಳಿಗ್ಗೆಯೇ ಹೊಳೆಯಬೇಕಿತ್ತು. ಅವನ ಮುಖಕ್ಕೆ ಕಚೇರಿಯ ಕಳೆ ಬಂತು.

"ಎಲ್ರೂ ತಾರಸಿಗೆ ಬನ್ನಿ," ಎಂದ. "ನನ್ನ ಮಾತು ಬೇಡ. ಹೋಟ್ಲೋರ ಬಾಯಿಂದನೇ ಕೇಳಿ. ಅವರು ಹೂಂ ಅಂದ್ರೆ ಹನ್ನೊಂದು ಮಕ್ಕಳನ್ನೂ ಹೆಗಲ ಮೇಲೆ ಹೊತ್ಕೊಂಡು ಹೋಗ್ತೀನಿ. ಇಲ್ಲ ಅಂದ್ರೆ ಆಮೇಲೆ ಯಾರೂ ನನ್ನ ಬೈಯಂಗಿಲ್ಲ."

"ಮಾತು ಅಂದ್ರೆ ಮಾತು," ಎಂದಳು ಸರಸಮ್ಮ.

ಇನಾಯತುಲ್ಲಾ ಅಂಗಡಿಯಿಂದ ಬಂದ. ಲಕ್ಷ್ಮೀದೇವಿ ಎಲೆಯಡಿಕೆ ಹಾಕಿಕೊಂಡು ಬಂದಳು. ಮಕ್ಕಳೆಲ್ಲ ಪಕ್ಕದ ತಾರಸಿಯಿಂದ ಸರಸಮ್ಮನ ಸಂಡಿಗೆ ತುಳಿಯುತ್ತ ದಾಟಿ ಬಂದರು. ವನಜಾಕ್ಷಿ ಕೊನೆಗೆ ಬಂದು ಟ್ಯಾಂಕಿನ ನೆರಳಲ್ಲಿ ನಿಂತಳು. ಮೋಹನ್ ಕುಮಾರ್ ಬೆಟ್ಟದ ಕಡೆ ತಿರುಗಿ, ಸ್ಪೀಕರ್ ಹಾಕಿ, ತೀರ್ಪು ಓದಿಸುವ ಅಮಲ್ದಾರನ ಹಾಗೆ ಫೋನನ್ನು ಮುಂದೆ ಹಿಡಿದ. ಈ ಸಲ ಮಾತಾಡಿದವನು ಮ್ಯಾನೇಜರು.

"ನಮಸ್ಕಾರ, ಮಧುಗಿರಿಯಿಂದ ಮೋಹನ್ ಕುಮಾರ್. ನಾಳೆಯಿಂದ ರೂಮು ಹೇಳಿದೀನಿ. ಒಂದು ವಿಷಯ ಸ್ಪಷ್ಟ ಆಗ್ಬೇಕು. ಸ್ವಲ್ಪ ಜೋರಾಗಿ ಹೇಳಿ, ಎಲ್ರೂ ಕೇಳಿಸ್ಕೊಳ್ತಾ ಇದಾರೆ. ಒಂದು ರೂಮಿಗೆ ಹನ್ನೊಂದು ಮಕ್ಕಳು ಬಂದ್ರೆ ಒಳಗೆ ಬಿಡ್ತೀರಾ?"

"ಛೆ ಛೆ, ಇಲ್ಲ ಸರ್. ರೂಮಿಗೆ ಎರಡೇ."

ಮೋಹನ್ ಕುಮಾರ್ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದ. ಅವನ ಎದೆ ಒಂದು ಗೇಣು ಉಬ್ಬಿತು.

"ಅದ್ಕೇ ನಿಮ್ಮ ಮೇಡಮ್ಮು ಮಧ್ಯಾಹ್ನನೇ ಆ ರೂಮು ಬೇಡ ಅಂತ ಫೋನ್ ಮಾಡಿದ್ರಲ್ಲ ಸರ್," ಎಂದ ಮ್ಯಾನೇಜರು. "ಅದರ ಬದಲಿಗೆ ಹಿತ್ತಲ ಕಡೆ ಬೇಸಿಗೆ ಶಿಬಿರದ ದೊಡ್ಡ ಹಾಲ್ ಕೊಟ್ಟಿದೀವಿ. ಹನ್ನೊಂದು ಮಕ್ಕಳು, ನೋಡ್ಕೊಳ್ಳೋಕೆ ಒಬ್ರು ಗಂಡಸರು. ಎಲ್ಲ ಪಕ್ಕಾ ಆಗಿದೆ ಸರ್, ನೀವು ತಲೆ ಕೆಡಿಸ್ಕೋಬೇಡಿ."

ಮೋಹನ್ ಕುಮಾರ್ ನಿಧಾನಕ್ಕೆ ಲೆಕ್ಕ ಹಾಕಿದ. ಮಧ್ಯಾಹ್ನ ಮನೆಯಲ್ಲಿ ಇದ್ದದ್ದು ಒಂಬತ್ತೇ ಮಕ್ಕಳು. ತಿಮ್ಮರಾಜು ಆಗ ಪಾವಗಡದಲ್ಲಿ ಬಸ್ಸೇ ಹತ್ತಿರಲಿಲ್ಲ.

ಅವನು ಟ್ಯಾಂಕಿನ ಕಡೆ ತಿರುಗಿದ. ವನಜಾಕ್ಷಿ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದಳು.

"ಎಲ್ರಿಗೂ ಹೇಳಿದ್ದು ನೀನಾ?"

"ಸರಸಕ್ಕಂಗೆ ಮಾತ್ರ ಅವರಾಗೇ ಗೊತ್ತಾಯ್ತು. ಉಳಿದೋರಿಗೆ ನಾನೇ ಹೇಳ್ದೆ. ಒಳ್ಳೇ ವಿಷಯ ನಾಕು ಜನಕ್ಕೆ ಹೇಳ್ಬಾರದಾ?"

"ನೀನು ಬರಲ್ವಾ ಹಂಗಾದ್ರೆ?"

"ಮೈಸೂರಿಗೆ ಹೋಗಿ ಬಚ್ಚಲಲ್ಲಿ ಕೂತು ಮುದ್ದೆ ತಿರುವೋಕಾ? ನಂಗೆ ರೆಸ್ಟು ಬೇಕು ಅಂದಿದ್ರಲ್ಲ ರೀ. ತಗೋತೀನಿ. ಮನೇಲಿ ಗಂಡ ಇಲ್ಲ, ಮಕ್ಕಳಿಲ್ಲ, ಇಡೀ ಬೀದೀಲಿ ಒಂದು ಮಗು ಇಲ್ಲ. ಹತ್ತು ದಿನ ಅಲ್ವಾ?"

"ನಾನೂ ಇಲ್ಲೇ ಉಳ್ಕಂತೀನಿ ಕಣಮ್ಮ, ನಿಂಗೆ ಜೊತೆಗೆ," ಎಂದಳು ಲಕ್ಷ್ಮೀದೇವಿ. "ಸುಕ್ರವಾರ ಗೊರವನಳ್ಳಿಗೆ ಹೋಗ್ಬರಾಣ." ಸರಸಮ್ಮ ತಾನೂ ಬರುತ್ತೇನೆಂದಳು. ಯಾವ ಬಸ್ಸು ಖಾಲಿ ಇರುತ್ತದೆ ಎಂಬ ಚರ್ಚೆ ಶುರುವಾಯಿತು. ಮಾತು ಕೊಟ್ಟ ಗಂಡಸಿನ ಕಡೆ ಯಾರೂ ನೋಡಲಿಲ್ಲ.

"ಸರ್, ಲೈನಲ್ಲಿದೀರಾ?" ಎಂದಿತು ಫೋನು. "ಆ ಹಾಲ್‌ನಲ್ಲಿ ಇರೋದೆಲ್ಲ ರೈಲಲ್ಲಿದ್ದ ಹಾಗೆ ಮೇಲೊಂದು ಕೆಳಗೊಂದು ಮಂಚ. ನಿಮಗೆ ಮೇಲಿಂದು ಬೇಕಾ, ಕೆಳಗಿಂದಾ?"

"ಮೇಲಿಂದು ನಂದು," ಎಂದ ಮೀಸೆ ಬೋಳಿಸಿದ ಹುಡುಗ. "ನಂದು," ಎಂದ ಉಮರ್. ಉಳಿದ ಒಂಬತ್ತೂ ಅದನ್ನೇ ಅಂದವು.

"ಹಾಗಾದ್ರೆ ನಿಮಗೆ ಕೆಳಗಿಂದೇ ಬರ್ಕೊಳ್ತೀನಿ ಸರ್. ಇನ್ನೊಂದು ಮಾತು. ರಾತ್ರಿ ಹಾಸಿಗೆ ಒದ್ದೆ ಮಾಡೋ ಮಕ್ಕಳು ಯಾರಾದ್ರೂ ಇದ್ರೆ ಈಗ್ಲೇ ಹೇಳಿಬಿಡಿ."

ಮೋಹನ್ ಕುಮಾರ್ ತಲೆಯೆತ್ತಿ ಒಬ್ಬೊಬ್ಬರನ್ನೇ ನೋಡಿದ. ತಾರಸಿಯ ಮೇಲಿದ್ದ ದೊಡ್ಡವರೆಲ್ಲ ಒಟ್ಟಿಗೇ ಬೆಟ್ಟದ ಕಡೆ ತಿರುಗಿದರು.