ಅಳಿಯನ ತಲೆಗೆ ಬೇರಿನ ಬಣ್ಣ

ಜಮಖಂಡಿಯ ಕಾಲೇಜಿನಲ್ಲಿ ಹದಿನೆಂಟು ವರ್ಷ ರಸಾಯನಶಾಸ್ತ್ರ ಅರೆದು ಕುಡಿಸಿದ ನಾನು ಅಂಗಡಿಯ ಹೇರ್‌ಡೈ ಹಚ್ಚಿಕೊಳ್ಳುವುದೇ? ಛೇ! ನರೆಯನ್ನು ಬೇರಿನಿಂದಲೇ ಗೆಲ್ಲುತ್ತೇನೆಂದು ಮನೆಯಲ್ಲಿ ಘೋಷಿಸಿಬಿಟ್ಟೆ. ರತನ್‌ಜೋತ್ ಎಂಬ ಬೇರಿನ ಸಿಪ್ಪೆಯಲ್ಲಿ ಅಲ್ಕಾನಿನ್ ಎಂಬ ಕೆಂಪು ಬಣ್ಣವಿದೆ. ನೀರಿಗೆ ಜಗ್ಗದ ಈ ಮಹಾಶಯ ಎಣ್ಣೆ ಕಂಡರೆ ಕರಗಿಹೋಗುತ್ತಾನೆ!

ಹೆಂಡತಿ ದಾನೇಶ್ವರಿ ಕೈಮುಗಿದಳು. "ಇವತ್ತ ರಬಕವ್ಯಾಗ ನನ್ನ ಬಸರಿ ತಂಗಿ ಕುಬಸ ಐತ್ರಿ. ತವರಮನಿ ಮಂದಿ ಮುಂದ ನನ್ನ ಮಾನ ಒಂದ ಉಳಸ್ರಿ. ತಲಿ ಬೆಳ್ಳಗಿದ್ರೂ ನಡೀತೈತಿ!"

"ನೋಡ್ತಿರು, ರಾಜಕುಮಾರ ಬರ್ತಾನ!" ಎನ್ನುತ್ತ ಬೇರು ಕಾಯಿಸಿದ ಕೊಬ್ಬರಿ ಎಣ್ಣೆ ಸುರಿದುಕೊಂಡೆ. ತಾಸಿನ ಮೇಲೆ ಕನ್ನಡಿ ನೋಡಿದರೆ ತಲೆ ಕುಂಕುಮದ ಡಬ್ಬಿ!

ಗಾಬರಿಯಲ್ಲಿ ಬಟ್ಟೆ ಸೋಪಿನಿಂದ ತಿಕ್ಕಿದೆ. ಶಿವಶಿವಾ, ನೀಲಿ! ಕ್ಷಾರ ತಗುಲಿದರೆ ಅಲ್ಕಾನಿನ್ ನೀಲಿಯಾಗುತ್ತದೆಂದು ಬೋರ್ಡಿನ ಮೇಲೆ ಬರೆದವನೂ ನಾನೇ. ಲಿಂಬೆಹಣ್ಣು ಹಿಂಡಿದೆ, ಕೆಂಪು. ಮತ್ತೆ ಸೋಪು, ಮತ್ತೆ ನೀಲಿ.

"ಸಿಗ್ನಲ್ ಆಟ ಸಾಕ್ ಮಾಡ್ರಿ, ಬಸ್ ಹೊಂಟತಿ!" ಎಂದವಳ ಕಣ್ಣಲ್ಲಿ ನೀರು. ಉಳಿದಿದ್ದ ಅರ್ಧ ಲಿಂಬೆ ಹಿಂಡಿದ್ದಕ್ಕೆ ತಲೆ ಅತ್ತ ಕೆಂಪೂ ಅಲ್ಲ, ಇತ್ತ ನೀಲಿಯೂ ಅಲ್ಲ, ಅಪ್ಪಟ ನೇರಳೆಯಾಯಿತು. ಟೋಪಿ ಒತ್ತಿಕೊಂಡು ಬಸ್ ಹತ್ತಿದೆ.

ಕುಬಸ ಸಾಂಗವಾಗಿ ನಡೆಯಿತು. ಆದರೆ ಅಳಿಯನಿಗೆ ರುಮಾಲು ಸುತ್ತುವ ಮರ್ಯಾದೆ ಇದೆಯಲ್ಲ! ನಲವತ್ತು ವರ್ಷ ಸೀರೆಯ ನೂಲಿಗೆ ಬಣ್ಣ ಹಾಕಿದ ಮಾವ ಚನಮಲ್ಲಪ್ಪನವರು ನನ್ನ ಟೋಪಿ ಎತ್ತಿಯೇಬಿಟ್ಟರು. ಹಾಡುತ್ತಿದ್ದ ಹೆಂಗಸರು ಹಾಡು ಬಿಟ್ಟು ನನ್ನ ತಲೆ ನೋಡತೊಡಗಿದರು. ದಾನೇಶ್ವರಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮಾವನವರು ನನ್ನ ಕೂದಲನ್ನು ನೂಲಿನಂತೆ ಬೆರಳಲ್ಲಿ ಹೊಸೆದು, ಬೆಳಕಿಗೆ ಹಿಡಿದು ನೋಡಿದರು.

"ಅಳ್ಯಾರ, ಈ ಬಣ್ಣ ಹೆಂಗ ತಗದ್ರಿ? ಸೀರಿ ವ್ಯಾಪಾರಿ ಇದ ನೇರಳಿ ಬೇಕಂತ ಕುಂತಾನ. ಮೂರು ವಾರಾತು, ನನಗ ಬರವಲ್ದು! ಯಾರರ ಕತ್ತರಿ ತರ್ರಿ, ಸ್ಯಾಂಪಲ್ ಬೇಕು!"

ನಟ್ಟನಡುನೆತ್ತಿಯಿಂದ ಒಂದು ಹಿಡಿ ಹೋಯಿತು.

ಬೋಳು ಜಾಗ ಸವರಿಕೊಳ್ಳುತ್ತ ಹೆಂಡತಿಯ ಹತ್ತಿರ ಸರಿದೆ. "ನಿನ್ನ ಮಾನ ಉಳೀತು, ಹೌದಿಲ್ಲೋ?"

ಅವಳು ಸೆರಗು ತೆಗೆದಳು. ನಗು ತಡೆಯಲಾಗುತ್ತಿರಲಿಲ್ಲ.

"ಲಗ್ನಾಗಿ ಹನ್ನೆರಡು ವರ್ಷಾತ್ರಿ. ನಿಮ್ಮ ತಲಿ ನಮ್ಮ ತವರಮನಿ ಉಪಯೋಗಕ್ಕ ಬಂದದ್ದು ಇದ ಮೊದಲ!"