ಅಣ್ಣನಿಗೆ ಫೋನ್ ಮಾಡದೆ ಹನ್ನೊಂದು ದಿನ

ನಾನು ಎಲ್ಲಿಗೆ ಹೊರಟರೂ ನನಗಿಂತ ಮುಂಚೆ ಒಂದು ಎಡವಟ್ಟು ಅಲ್ಲಿಗೆ ಹೋಗಿ ಕಾಯ್ತಾ ಕೂತಿರುತ್ತೆ. ಬಂಗಾರಪೇಟೆ ಪಕ್ಕದ ಹಳ್ಳಿಯವಳು ನಾನು. ಬೆಳಗ್ಗೆ ಎದ್ದು ನಮ್ಮ ಹಸುವಿನ, ಈಗ ಗಂಗಿಯ, ಹಾಲು ಕರೆದು, ಡೇರಿಗೆ ಹಾಕಿ, ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರೋದು ಇಪ್ಪತ್ತೆರಡು ವರ್ಷದ ಪಾಡು. ನಲವತ್ತೈದು ತುಂಬಿದ ಮೇಲೆ, ಬೆನ್ನಿಗೊಂದು ಬ್ಯಾಗು ಏರಿಸಿ ಒಬ್ಬಳೇ ಥಾಯ್ಲೆಂಡ್ ಸುತ್ತಿ ಬರ್ತೀನಿ ಅಂದೆ. ಅಣ್ಣ ಮೀಸೆ ಅಡಿಯಲ್ಲೇ ನಕ್ಕ.

“ಪ್ಲಾಟ್‌ಫಾರಂ ಬದಲಾದ್ರೆ ಗಾಬರಿ ಬೀಳೋಳು ನೀನು. ಓಗು, ಬ್ಯಾಡ ಅನ್ನಲ್ಲ. ಆದ್ರೆ ಒಂದ್ ಕಿತ ಫೋನ್ ಮಾಡಿ ‘ಈಗೇನ್ ಮಾಡ್ಲಿ’ ಅಂದ್ಯೋ, ಪಾಸ್‌ಪೋರ್ಟು ನನ್ ಬೀರೂಗೆ. ಆಮ್ಯಾಕೆ ಬೆಂಗಳೂರು ದಾಟಂಗಿಲ್ಲ ಕಣಮ್ಮಿ.”

“ಗಂಗೀನ ಯಾರು ಕರೀತಾರೆ?” ಅಂದೆ. ಅತ್ತಿಗೆಯನ್ನು ಅದು ಹತ್ತಿರಕ್ಕೂ ಸೇರಿಸಲ್ಲ.

“ಆಲು ಕರೆಯೋದೇನು ದೊಡ್ಡ ವಿದ್ಯೆನಾ? ನಾನ್ ಕರೀತೀನಿ.”

ಈ ಜಂಬದ ಕೋಳಿಗೆ ಬುದ್ಧಿ ಕಲಿಸಬೇಕು ಅಂತಲೇ ವಿಮಾನ ಹತ್ತಿದೆ.

ಹುರಿಹಿಟ್ಟು

“ಅಲ್ಲಿ ಹಾವು ಹಪ್ಪಟೆ ತಿಂತಾರಂತೆ” ಅಂತ ಅತ್ತಿಗೆ ಎರಡು ಕೆಜಿ ರಾಗಿ ಹುರಿಹಿಟ್ಟನ್ನೂ ಒಂದಚ್ಚು ಬೆಲ್ಲವನ್ನೂ ಬ್ಯಾಗಿಗೆ ತುರುಕಿದ್ದಳು. ವಿಮಾನ ಇಳಿದ ಕಡೆ ತಪಾಸಣೆಯವನು ಆ ಕವರನ್ನು ಮೂಗಿಂದ ಒಂದು ಮೊಳ ದೂರ ಹಿಡಿದು, ಏನಿದು ಅಂದ. ತಿನ್ನೋದು ಅಂದೆ. ನಂಬಲಿಲ್ಲ. ಪುಡಿ ಕಂಡರೆ ಸಾಕು, ಇವರಿಗೆಲ್ಲ ಕಳ್ಳಸಾಗಣೆಯೇ ಕನಸು. ನನ್ನ ಕೈ ಫೋನಿನ ಕಡೆ ಹೋಯಿತು, ಅಣ್ಣನ ಮೀಸೆ ನೆನಪಾಗಿ ವಾಪಸ್ಸು ಬಂತು.

ನೀರು ಹಾಕಿ, ಬೆಲ್ಲ ಪುಡಿ ಮಾಡಿ, ಅಂಗೈಯಲ್ಲೇ ಕಲಸಿ, ಉಂಡೆ ಕಟ್ಟಿ ಅವನೆದುರೇ ತಿಂದೆ. ಇನ್ನೊಂದು ಉಂಡೆ ಕಟ್ಟಿ, “ತಗೋಳಪ್ಪ” ಅಂತ ಅವನ ಬಾಯಿ ಹತ್ತಿರಕ್ಕೆ ಹಿಡಿದೆ. ಮಹಾರಾಯ ಬ್ಯಾಗಿನ ಜಿಪ್ಪು ತಾನೇ ಎಳೆದು, ಹೋಗು ತಾಯಿ ಅನ್ನೋ ಹಾಗೆ ಕೈಮುಗಿದುಬಿಟ್ಟ.

ಕರ್ಚೀಫು

ನಮ್ಮ ಕಡೆ, ರೈಲು ನಿಲ್ಲೋ ಮೊದಲೇ ಕಿಟಕಿಯಿಂದ ಕರ್ಚೀಫು ಎಸೆದರೆ ಆ ಸೀಟು ನಮ್ಮದು. ಆ ಗುರಿಯಲ್ಲಿ ನನ್ನನ್ನು ಮೀರಿಸೋರು ಬಂಗಾರಪೇಟೆ ಸ್ಟೇಷನ್ನಲ್ಲೇ ಇಲ್ಲ. ಥಾಯ್ಲೆಂಡಲ್ಲೂ ರಿಸರ್ವೇಷನ್ ಇಲ್ಲದ ರೈಲು ಬಂತು, ಕಿಟಕಿ ತೆರೆದಿತ್ತು, ಎಸೆದೆ.

ಒಳಗಿದ್ದ ಒಬ್ಬ ಅಜ್ಜಿ, ಗಾಳಿಗೆ ಹಾರಿ ಬಂತು ಅಂದುಕೊಂಡಳೋ ಏನೋ, ಕರ್ಚೀಫು ಹಿಡಿದು ಇಳಿದು ಬಂದು ಎರಡೂ ಕೈಯಲ್ಲಿ ನನಗೆ ಒಪ್ಪಿಸಿದಳು. ಥತ್ ಅಂತ ಪಕ್ಕದ ಕಿಟಕಿಗೆ ಎಸೆದೆ. ಅದನ್ನೂ ತಂದಳು. ಈ ಸಲ ನನ್ನ ಮುಖವನ್ನು ಕನಿಕರದಿಂದ ನೋಡಿ, ಕರ್ಚೀಫನ್ನು ನನ್ನ ಬ್ಯಾಗಿನ ಪಟ್ಟಿಗೆ ಎರಡು ಗಂಟು ಹಾಕಿ ಬಿಗಿದಳು. ಒಳಗೆ ಹೋಗಿ ನೋಡ್ತೀನಿ, ಇಡೀ ಬೋಗಿಯಲ್ಲಿ ಅಜ್ಜಿ ಬಿಟ್ಟರೆ ನಾಲ್ಕೇ ಜನ!

ಗುಹೆ

ನಾನು ತಂಗಿದ್ದ ಅಗ್ಗದ ಹಾಸ್ಟೆಲಿನಲ್ಲಿ ಬೆಂಗಳೂರಿನ ಒಬ್ಬ ಗಡ್ಡದ ಮಹಾಶಯ ಸಿಕ್ಕಿದ್ದ. “ನನ್ನನ್ನ ನಾನು ಹುಡುಕ್ಕೊಳ್ಳೋಕೆ ಬಂದಿದೀನಿ ಆಂಟಿ” ಅಂದ. “ಕಳಕೊಂಡಿದ್ದು ಎಲ್ಲಪ್ಪ? ಅಲ್ಲಿ ಹುಡುಕಬೇಕು ತಾನೆ?” ಅಂದೆ. ಪಾಪ, ಅವನಿಗೆ ಅದು ಹೊಳೆದೇ ಇರಲಿಲ್ಲ.

ಇಬ್ಬರೂ ಒಂದು ಗುಹೆ ನೋಡೋಕೆ ಹೋದೆವು. ಗೈಡು ತಲೆಗೆ ಟೋಪಿ ಕೊಟ್ಟು, ಆಳಕ್ಕೆ ಇಳಿಬೇಕು, ಹೆದರೋರು ಇಲ್ಲೇ ಇರಿ ಅಂತ ದೊಡ್ಡ ಭಾಷಣ ಹೊಡೆದ. ನನಗೆ ನಗು ತಡೆಯೋಕಾಗಲಿಲ್ಲ. “ನಮ್ಮ ತಾತ ಚಾಂಪಿಯನ್ ರೀಫ್ಸ್ ಚಿನ್ನದ ಗಣೀಲಿ ಇದರ ನೂರರಷ್ಟು ಆಳದಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದರು. ಇದೇನು, ನಮ್ಮೂರ ಬಾವಿ!” ಅಂತ ಗಡ್ಡದವನಿಗೆ ಹೇಳಿ ಎದೆಯುಬ್ಬಿಸಿಕೊಂಡು ಮುಂದೆ ನಡೆದೆ.

ಹತ್ತು ಹೆಜ್ಜೆಗೆ ಒಂದು ಬಾವಲಿ ಕಿವಿ ಸವರಿಕೊಂಡು ಹೋಯಿತು. ಆಮೇಲೆ ಕಿರುಚಿದ್ದು ಯಾರು ಅಂತ ಎಲ್ಲರೂ ಟಾರ್ಚು ಹಾಕಿ ಹುಡುಕಿದರು. ನಾನು ಗಡ್ಡದವನ ಬೆನ್ನ ಹಿಂದೆ ಕೂತು ಅಣ್ಣನ ನಂಬರು ಒತ್ತುತ್ತಿದ್ದೆ. ಸಿಗ್ನಲ್ ಇರಲಿಲ್ಲ. ನನ್ನ ಪಾಸ್‌ಪೋರ್ಟು ಉಳಿಸಿದ್ದು ನನ್ನ ಧೈರ್ಯವಲ್ಲ, ಆ ಗುಹೆಯ ಕಲ್ಲು.

ಗಂಗಿ

ಒಂಬತ್ತನೇ ದಿನ ಬೆಳಗ್ಗೆ ಏಳಕ್ಕೆ, ಹಾಸ್ಟೆಲಿನ ರೂಮಲ್ಲಿ ಆರು ದೇಶದ ಆರು ಹೆಂಗಸರು ಮಲಗಿರೋವಾಗ ಫೋನು ಬಡಕೊಂಡಿತು. ವಿಡಿಯೋ ಕಾಲ್. ಅಣ್ಣ. ಹಣೆ ಮೇಲೆ ಸಗಣಿ.

“ಮೊದ್ಲು ಎಂಗೋ ಒಸಿ ಒಸಿ ಬಿಟ್ಲು, ಈಗ ಮೂರು ದಿನದಿಂದ ಒದೀತಾವ್ಳೆ ಕಣಮ್ಮಿ. ತೊಟ್ಟು ಆಲು ಬಿಡ್ತಿಲ್ಲ. ಕೆಚ್ಚಲು ಬಿಗಿದೋಗದೆ. ಈಗೇನ್ ಮಾಡ್ಲಿ?”

ಅಯ್ಯೋ, ಆ ಮಾತು ಕೇಳೋಕೆ ಎಷ್ಟು ಹಿತವಾಗಿತ್ತು! “ಇನ್ನೊಂದ್ಸಲ ಅನ್ನಣ್ಣ” ಅಂದೆ. ಹಲ್ಲು ಕಚ್ಚಿಕೊಂಡು ಅಂದ. ಆದರೆ ಗಂಗಿಯ ಕೆಚ್ಚಲು ನೆನೆದು ಆಟ ಅಲ್ಲಿಗೇ ನಿಲ್ಲಿಸಿದೆ.

“ಬಾಗಿಲ ಹಿಂದೆ ನನ್ನ ಹೂವಿನ ನೈಟಿ ಇದೆ, ಹಾಕ್ಕೊ. ಗಂಗಿಗೆ ನನ್ನ ವಾಸನೆ ಬೇಕು.”

“ನಾನಾ? ನೈಟಿನಾ?”

“ಹಾಕ್ಕೊತೀಯೋ, ಒದೆಸ್ಕೊತೀಯೋ?”

ಎರಡು ನಿಮಿಷಕ್ಕೆ ಮೀಸೆ ಸಮೇತ ನನ್ನ ನೈಟಿ ಕೊಟ್ಟಿಗೆಗೆ ಬಂತು. ಅತ್ತಿಗೆ ನಗು ತಡೀಲಾರದೆ ಸೆರಗು ಬಾಯಿಗೆ ತುರುಕಿಕೊಂಡೇ ಫೋನನ್ನು ಗಂಗಿಯ ಕಿವಿಗೆ ಹಿಡಿದಳು. ನಾನು ಮಂಚದ ಮೇಲೆ ಎದ್ದು ಕೂತು ದಿನಾ ಬೈಯೋ ಹಾಗೇ ಬೈದೆ: “ಏ ಗಂಗಿ, ಬಿಡೇ ನಮ್ಮವ್ವ, ಬಿಡೇ ಕಳ್ಳಿ, ಕಾಲು ಎತ್ತಿದ್ರೆ ನೋಡು!” ಸೊರ್ ಸೊರ್ ಅಂತ ಪಾತ್ರೆಗೆ ಹಾಲು ಬೀಳೋ ಸದ್ದು ಥಾಯ್ಲೆಂಡಿಗೆ ಕೇಳಿಸಿತು. ಆರು ದೇಶದವರೂ ಎದ್ದು ಚಪ್ಪಾಳೆ ತಟ್ಟಿದರು.

ಊರಿಗೆ ಬಂದವಳೇ ಪಾಸ್‌ಪೋರ್ಟನ್ನು ಅಣ್ಣನೆದುರು ಇಟ್ಟು, “ಬೀರೂಗೆ ಹಾಕ್ತೀಯಾ? ಮುಂದಿನ ವರ್ಷ ವಿಯೆಟ್ನಾಮಿಗೆ ಹೋಗೋಣ ಅಂತಿದ್ದೆ” ಅಂದೆ.

ಅಣ್ಣ ಅದನ್ನು ಮುಟ್ಟಲಿಲ್ಲ. ಸುತ್ತ ಯಾರೂ ಇಲ್ಲ ಅಂತ ನೋಡಿಕೊಂಡು ಮೆಲ್ಲಗೆ ಅಂದ:

“ಓಗು. ಆದ್ರೆ ಒಸಿ ದೊಡ್ಡ ಸೈಜಿನ ನೈಟಿ ತಂದಿಟ್ಟು ಓಗಮ್ಮಿ. ಇದು ತೋಳತ್ರ ಬಿಗೀತದೆ.”